ಮುಂಗೈ ಮೂಳೆ ಮುರಿತದ ಅಂಕಿಗಳನ್ನು ಓದುವ ಬಗೆ

ವಯಸ್ಕರಲ್ಲಿ ಮುಂಗೈ ಮೂಳೆ ಮುರಿಯುವುದು ಎಷ್ಟು ಸಾಮಾನ್ಯ ಎಂಬ ಪ್ರಶ್ನೆಗೆ ಯಾರಾದರೂ ಒಂದೇ ಅಂಕಿಯಲ್ಲಿ ಉತ್ತರ ಕೊಟ್ಟರೆ ಅದನ್ನು ಹಾಗೆಯೇ ಒಪ್ಪಬಾರದು. ಹೆಂಗಸರು, ಗಂಡಸರು, ಮೂವತ್ತರವರು, ಎಪ್ಪತ್ತರವರು ಎಲ್ಲರನ್ನೂ ಕೂಡಿಸಿ ತೆಗೆದ ಸರಾಸರಿಯಲ್ಲಿ ನಿಜವಾಗಿ ಅಪಾಯದಲ್ಲಿರುವವರೇ ಮರೆಯಾಗುತ್ತಾರೆ.

ಮೊದಲು ಯಾವ ಮುರಿತವನ್ನು ಎಣಿಸಿದ್ದಾರೆಂದು ನೋಡಬೇಕು. ಮೊಣಕೈಯಿಂದ ಮಣಿಕಟ್ಟಿನವರೆಗೆ ರೇಡಿಯಸ್ ಮತ್ತು ಅಲ್ನಾ ಎಂಬ ಎರಡು ಮೂಳೆಗಳಿವೆ. ರೋಗ ಮತ್ತು ಗಾಯಗಳಿಗೆ ಸಂಕೇತ ಸಂಖ್ಯೆ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ವರ್ಗೀಕರಣದಲ್ಲಿ ಇವುಗಳ ಎಲ್ಲ ಮುರಿತಗಳೂ ಎಸ್52ರ ಅಡಿಯಲ್ಲಿ ಬರುತ್ತವೆ; ಅದರೊಳಗೆ ರೇಡಿಯಸ್‌ನ ಕೆಳತುದಿಯ ಮುರಿತಕ್ಕೆ ಎಸ್52.5 ಎಂಬ ಸಂಖ್ಯೆಯಿದೆ. ವಯಸ್ಕರಲ್ಲಿ ದೊಡ್ಡ ಪಾಲು ಈ ಕೆಳತುದಿಯದೇ. ಜಾರಿದವರು ತಡೆಯಲೆಂದು ಅಂಗೈ ಊರಿದಾಗ ಮೈಭಾರವೆಲ್ಲ ಅಲ್ಲಿಗೆ ಬಂದು, ಮಣಿಕಟ್ಟಿನ ಕೀಲಿಗಿಂತ ಎರಡು-ಮೂರು ಸೆಂಟಿಮೀಟರ್ ಮೇಲೆ ಮೂಳೆ ಮುರಿದು ತುಂಡು ಹಿಂದಕ್ಕೆ ಸರಿಯುತ್ತದೆ. ಪಕ್ಕದಿಂದ ನೋಡಿದರೆ ಕೈ ಊಟದ ಫೋರ್ಕಿನಂತೆ ಡೊಂಕಾಗಿ ಕಾಣುತ್ತದೆ. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕೋಲೆಸ್ ಇದನ್ನು 1814ರಲ್ಲಿ, ಎಕ್ಸ್‌ರೇ ಇನ್ನೂ ಬಂದಿರದ ಕಾಲದಲ್ಲಿ, ಕೈ ಮುಟ್ಟಿ ನೋಡಿಯೇ ವಿವರಿಸಿದ್ದರು ಎಂಬುದು ಇಂದಿಗೂ ಬೆರಗು ಹುಟ್ಟಿಸುತ್ತದೆ.

ಆಮೇಲೆ, ಅಂಕಿ ಒಂದು ವರ್ಷದ್ದೋ ಇಡೀ ಜೀವಮಾನದ್ದೋ ಎಂದು ಕೇಳಬೇಕು. ಅಮೆರಿಕ ಮತ್ತು ಬ್ರಿಟನ್ನಿನ ಲೆಕ್ಕಗಳ ಪ್ರಕಾರ, 50 ವರ್ಷ ತಲುಪಿದ ನೂರು ಹೆಂಗಸರಲ್ಲಿ ಸುಮಾರು 16 ಮಂದಿಗೆ ಉಳಿದ ಆಯುಷ್ಯದಲ್ಲಿ ಎಂದಾದರೂ ಮುಂಗೈ ಮುರಿಯುತ್ತದೆ. ಗಂಡಸರಲ್ಲಿ ಇದು ನೂರಕ್ಕೆ ಮೂವರ ಆಸುಪಾಸು. ಅಂದರೆ ಪ್ರತಿ ವರ್ಷ 16 ಮಂದಿಗೆ ಎಂದಲ್ಲ. ಬಹುಮಟ್ಟಿಗೆ ಬಿಳಿಯ ಜನಾಂಗದವರನ್ನು ಆಧರಿಸಿದ ಈ ಅಂಕಿಗಳನ್ನು ನಮ್ಮ ಜಿಲ್ಲೆಗಳಿಗೆ ನೇರವಾಗಿ ಅನ್ವಯಿಸುವುದೂ ಸರಿಯಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ವಯಸ್ಸಿನ ಕೋಷ್ಟಕ. ಯೌವನದಲ್ಲಿ ರಸ್ತೆ ಅಪಘಾತ, ಆಟ, ಎತ್ತರದಿಂದ ಬೀಳುವುದು ಇವೇ ಕಾರಣಗಳಾದ್ದರಿಂದ ಗಂಡಸರ ಸಂಖ್ಯೆಯೇ ಮುಂದಿರುತ್ತದೆ. ಮುಟ್ಟು ನಿಂತು ಈಸ್ಟ್ರೊಜೆನ್ ಹಾರ್ಮೋನು ಇಳಿದು ಮೂಳೆ ಸವೆಯತೊಡಗಿದ ಮೇಲೆ ಹೆಂಗಸರ ರೇಖೆ ಕಡಿದಾಗಿ ಏರುತ್ತದೆ. ಗಂಡಸರ ರೇಖೆ ಇಳಿವಯಸ್ಸಿನವರೆಗೂ ಹೆಚ್ಚುಕಡಿಮೆ ಸಮತಟ್ಟಾಗಿರುತ್ತದೆ. ಅನೇಕ ಅಧ್ಯಯನಗಳಲ್ಲಿ 65ರ ನಂತರ ಹೆಂಗಸರ ಏರಿಕೆ ನಿಧಾನವಾಗುವುದನ್ನು ಕಂಡು ಮೂಳೆ ಗಟ್ಟಿಯಾಯಿತೆಂದು ತಿಳಿಯಬಾರದು. ನಡಿಗೆ ನಿಧಾನವಾದಂತೆ ಕೈ ಮುಂದೊಡ್ಡುವ ಚುರುಕು ಕುಂದಿ, ಪಕ್ಕಕ್ಕೆ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವವರು ಹೆಚ್ಚುತ್ತಾರೆ.

ಎಣಿಕೆ ಎಲ್ಲಿಂದ ಬಂತೆಂಬುದನ್ನೂ ಬಿಡಬಾರದು. ಸೊಂಟ ಮುರಿದವರು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಒಳರೋಗಿಗಳಾಗಿ ದಾಖಲಾಗುತ್ತಾರೆ, ಆದರೆ ಮುಂಗೈ ಮುರಿದವರಲ್ಲಿ ಬಹಳ ಜನ ಪ್ಲಾಸ್ಟರ್ ಹಾಕಿಸಿಕೊಂಡು ಅಂದೇ ಮನೆಗೆ ಮರಳುತ್ತಾರೆ. ಹೀಗಾಗಿ ಒಳರೋಗಿಗಳ ದಾಖಲೆಯಷ್ಟನ್ನೇ ನೆಚ್ಚಿದ ಅಂಕಿ ಕಡಿಮೆಯೇ ಆಗಿರುತ್ತದೆ. ನಮ್ಮಲ್ಲಿ ನಾಟಿ ಕಟ್ಟು ಹಾಕಿಸಿಕೊಳ್ಳುವವರಂತೂ ಯಾವ ಆಸ್ಪತ್ರೆಯ ಲೆಕ್ಕಕ್ಕೂ ಸಿಗುವುದಿಲ್ಲ.

ಈ ಓದನ್ನು ಮನೆಯವರಿಗೆ ಅನ್ವಯಿಸುವಾಗ ಒಂದು ಪ್ರಶ್ನೆ ಸಾಕು: ನಿಂತಲ್ಲಿಂದ ಬಿದ್ದಷ್ಟಕ್ಕೇ ಕೈ ಮುರಿಯಿತೇ? 50 ದಾಟಿದ ತಾಯಿಯೋ ಅತ್ತೆಯೋ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರೆ, ಆರು ವಾರದ ಪ್ಲಾಸ್ಟರ್ ಬಿಚ್ಚಿದ ದಿನ ಚಿಕಿತ್ಸೆ ಮುಗಿಯಿತೆಂದು ಬಿಡದೆ, ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ನೀವಾಗಿಯೇ ಕೇಳಿ. ವರದಿಯಲ್ಲಿ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವ ವಯಸ್ಕರ ಮೂಳೆ ಸಾಂದ್ರತೆಗೆ ಹೋಲಿಸಿದ ಅಂಕಿ, -2.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅದು ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆದು ದುರ್ಬಲವಾಗುವ ಕಾಯಿಲೆ. ಆದರೆ ಅಂಕಿ ಅಷ್ಟು ಕೆಳಗಿಳಿಯದಿದ್ದರೂ ಮುರಿತವಾಗಿರುವುದರಿಂದ ಮುಂದಿನ ಮುರಿತದ ಅಪಾಯ ಹೆಚ್ಚೇ ಇರುತ್ತದೆ. ಔಷಧ ಬೇಕೋ ಬೇಡವೋ ಎಂಬುದನ್ನು ಎರಡನ್ನೂ ನೋಡಿ ತೀರ್ಮಾನಿಸಬೇಕಾಗುತ್ತದೆ. ಗಂಡಸರಿಗೆ ಇಷ್ಟು ಸಣ್ಣ ಬೀಳುವಿಕೆಯಿಂದ ಮುರಿತವಾಗುವುದು ಅಪರೂಪವಾದ್ದರಿಂದಲೇ ಅವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು: ದೀರ್ಘಕಾಲ ನುಂಗಿದ ಸ್ಟೀರಾಯ್ಡ್ ಮಾತ್ರೆ, ಮದ್ಯಪಾನ, ಟೆಸ್ಟೊಸ್ಟೆರೋನ್ ಹಾರ್ಮೋನಿನ ಕೊರತೆ ಇವುಗಳಲ್ಲಿ ಯಾವುದಾದರೂ ಮೂಳೆಯನ್ನು ಸವೆಸಿದೆಯೇ ಎಂದು ವಿಚಾರಿಸಿ.