ಯಾವ ಸ್ಕ್ರಿಪ್ಟ್ ಓಡಬೇಕು? ನೀವೇ ಹೇಳಿ

ಬಾಯಾರು, ಪೆರ್ಲ, ಮುಳ್ಳೇರಿಯ ಕಡೆ ಗುಡ್ಡದ ಬದಿಯ ಮನೆಗಳಲ್ಲಿ ರೇಂಜ್ ಸಿಗುವುದೇ ಕಷ್ಟ. ಅದರಲ್ಲಿ ಅಡಿಕೆ ಧಾರಣೆ ನೋಡೋಣ ಅಂತ ಒಂದು ಪುಟ ತೆರೆದರೆ ಸುತ್ತುತ್ತಲೇ ಇರುತ್ತದೆ. ಧಾರಣೆಯ ನಾಲ್ಕು ಸಾಲು ಬರಲು ಅಷ್ಟು ಹೊತ್ತು ಬೇಡ. ಹೊತ್ತು ತಿನ್ನುವುದು ಹೆಚ್ಚಾಗಿ ಅದರ ಜತೆ ಇಳಿಯುವ ಜಾಹೀರಾತಿನ, ನಿಮ್ಮ ಓಡಾಟ ಗಮನಿಸುವ ಸ್ಕ್ರಿಪ್ಟ್‌ಗಳು.

ಸ್ಕ್ರಿಪ್ಟ್ ಅಂದರೆ ಪುಟದೊಂದಿಗೆ ಬಂದು ನಿಮ್ಮ ಫೋನಿನಲ್ಲೇ ಓಡುವ ಪ್ರೋಗ್ರಾಮ್. ಡೇಟಾ ನಿಮ್ಮದು, ಬ್ಯಾಟರಿಯೂ ನಿಮ್ಮದು. 1995ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್ ಇಲ್ಲದೆ ಇಂದು ಎಷ್ಟೋ ಪುಟಗಳು ನಡೆಯುವುದಿಲ್ಲ, ನಿಜ. ಆದರೆ 2017ರಲ್ಲಿ ಬಂದ ಕಾಯಿನ್‌ಹೈವ್ ಎಂಬ ಸ್ಕ್ರಿಪ್ಟ್ ಪುಟ ನೋಡಲು ಬಂದವರ ಕಂಪ್ಯೂಟರನ್ನೇ ದುಡಿಸಿ ಮೊನೆರೊ ಎಂಬ ಡಿಜಿಟಲ್ ಹಣ ಗಳಿಸುತ್ತಿತ್ತು. ಎಷ್ಟೋ ಜನರಿಗೆ ಅದು ಗೊತ್ತೇ ಆಗಲಿಲ್ಲ. ಹಾಗಾಗಿ ಕೇಳಿ ಒಳಗೆ ಬಿಡುವುದು ಒಳ್ಳೆಯದು, ಅಲ್ವಾ?

ಇದಕ್ಕೆ ನೋಸ್ಕ್ರಿಪ್ಟ್ ಎಂಬ ಆಡ್-ಆನ್, ಅಂದರೆ ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಮ್ ಇದೆ. ನೀವು ಅನುಮತಿ ಕೊಡುವವರೆಗೆ ಅದು ಸ್ಕ್ರಿಪ್ಟ್‌ಗಳನ್ನು ತಡೆಯುತ್ತದೆ. ಇಟಲಿಯ ಜಾರ್ಜಿಯೊ ಮಾವೊನೆ 2005ರಿಂದ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಗುರುತು ಮರೆಸಿ ಜಾಲ ನೋಡಲು ಬಳಸುವ ಟಾರ್ ಬ್ರೌಸರ್‌ನಲ್ಲಿ ಅದು ಮೊದಲೇ ಸೇರಿರುತ್ತದೆ.

ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಆಡ್-ಆನ್ ಹಾಕಲಾಗುವುದಿಲ್ಲ. ಪ್ಲೇಸ್ಟೋರ್‌ನಿಂದ ಫೈರ್‌ಫಾಕ್ಸ್ ಎಂಬ ಬ್ರೌಸರ್ ಹಾಕಿಕೊಳ್ಳಿ. ಅದರ ಮೆನುವಿನಲ್ಲಿ ಎಕ್ಸ್‌ಟೆನ್ಷನ್ಸ್ ಒತ್ತಿ, ನೋಸ್ಕ್ರಿಪ್ಟ್ ಹುಡುಕಿ ಸೇರಿಸಿ. ಬೇರೆ ಕಡೆಯಿಂದ ಇಳಿಸಬೇಡಿ. ನೀವು ನೋಡುವ ಎಲ್ಲ ಪುಟಗಳನ್ನೂ ಈ ಆಡ್-ಆನ್ ನೋಡಬಲ್ಲದು, ನಕಲಿ ಸಿಕ್ಕಿದರೆ ಅಪಾಯ.

ಈಗ ಯಾವುದಾದರೂ ಸುದ್ದಿ ಪುಟ ತೆರೆದು, ಮೆನುವಿನಿಂದ ನೋಸ್ಕ್ರಿಪ್ಟ್ ತೆರೆಯಿರಿ. ಆ ಪುಟಕ್ಕೆ ಸ್ಕ್ರಿಪ್ಟ್ ಕಳಿಸುವ ತಾಣಗಳ ಹೆಸರುಗಳ ಒಂದು ಪಟ್ಟಿ ಬರುತ್ತದೆ. ಒಬ್ಬರನ್ನು ಊಟಕ್ಕೆ ಕರೆದರೆ ಹಿಂದೆ ಹತ್ತು ಜನ ಬಂದ ಹಾಗೆ! ಈ ಪಟ್ಟಿಯನ್ನು ಓದಲು ಕಲಿಯುವುದೇ ಇಲ್ಲಿನ ಮುಖ್ಯ ಕೆಲಸ. ಮೊದಲು ಆ ಪುಟದ ಸ್ವಂತ ಹೆಸರಿಗೆ ಮಾತ್ರ 'ಟೆಂಪ್ ಟ್ರಸ್ಟೆಡ್' ಕೊಡಿ. ಅದು ತಾತ್ಕಾಲಿಕ ಅನುಮತಿ. ಪುಟ ಮತ್ತೆ ತೆರೆದಾಗ ಹೆಚ್ಚಿನ ಕಡೆ ಅಷ್ಟೇ ಸಾಕಾಗುತ್ತದೆ. ಚಿತ್ರವೋ ಬಟನ್ನೋ ಬರದಿದ್ದರೆ 'ಸಿಡಿಎನ್', 'ಸ್ಟ್ಯಾಟಿಕ್' ಎಂದಿರುವ ಹೆಸರುಗಳಿಗೆ (ಪುಟದ ಚಿತ್ರ, ಫೈಲ್‌ಗಳನ್ನು ಒದಗಿಸುವ ತಾಣಗಳು) ಒಂದೊಂದಾಗಿ ಅನುಮತಿ ಕೊಟ್ಟು ನೋಡಿ. 'ಆಡ್ಸ್', 'ಅನಲಿಟಿಕ್ಸ್' ಎಂದಿದ್ದರೆ ಅವು ಜಾಹೀರಾತಿನ, ಓಡಾಟ ಗಮನಿಸುವ ತಾಣಗಳು, ಅನುಮತಿ ಕೊಡಬೇಡಿ. 'ನಾನು ರೋಬೋಟ್ ಅಲ್ಲ' ಎಂಬ ಗೂಗಲ್‌ನ ಚೌಕ ಕಾಣದಿದ್ದರೆ ಗೂಗಲ್ ಮತ್ತು ಜಿಸ್ಟ್ಯಾಟಿಕ್ ಎರಡಕ್ಕೂ ಅನುಮತಿ ಬೇಕು. ದಿನಾ ನೋಡುವ, ನಂಬಿಕೆಯ ಪುಟವಾದರೆ 'ಟ್ರಸ್ಟೆಡ್' ಒತ್ತಿ. ಮತ್ತೆ ಕೇಳುವುದಿಲ್ಲ.

ಎಲ್ಲದಕ್ಕೂ ಒಟ್ಟಿಗೆ ಅನುಮತಿ ಕೊಡುವ ಆಸೆ ಮೊದಲ ವಾರ ಬಂದೇ ಬರುತ್ತದೆ. ದಯವಿಟ್ಟು ತಡೆದುಕೊಳ್ಳಿ. ನೀವು ದಿನಾ ನೋಡುವ ಪುಟಗಳು ಕೆಲವೇ. ಅವು ಸರಿಯಾದ ಮೇಲೆ ಕಿರಿಕಿರಿ ತುಂಬಾ ಕಡಿಮೆಯಾಗುತ್ತದೆ.

ಹಣ ಕಟ್ಟುವಾಗ ಮಾತ್ರ ಜಾಸ್ತಿ ಜಾಗ್ರತೆ. ಕರೆಂಟ್ ಬಿಲ್ಲಾಗಲಿ, ಪರೀಕ್ಷಾ ಶುಲ್ಕವಾಗಲಿ, ಪಾವತಿ ಒಂದು ಪುಟದಿಂದ ಇನ್ನೊಂದಕ್ಕೆ, ಅಲ್ಲಿಂದ ಬ್ಯಾಂಕಿನ ಒಟಿಪಿ ಪುಟಕ್ಕೆ ಹಾರುತ್ತದೆ. ನಡುವೆ ಒಂದು ಸ್ಕ್ರಿಪ್ಟ್ ತಡೆದರೂ ಪಾವತಿ ಅರ್ಧದಲ್ಲಿ ನಿಲ್ಲಬಹುದು. ಶುರು ಮಾಡುವ ಮೊದಲೇ, ಆ ಟ್ಯಾಬ್‌ಗೆ ಮಾತ್ರ ತಡೆ ತೆಗೆಯುವ ಬಟನ್ ನೋಸ್ಕ್ರಿಪ್ಟ್‌ನಲ್ಲಿದೆ, ಅದನ್ನು ಒತ್ತಿ. ಇಲ್ಲವೇ ಪಾವತಿಗೆ ಬೇರೆ ಬ್ರೌಸರ್ ಇಟ್ಟುಕೊಳ್ಳಿ.

ಮನೆಯ ಹಿರಿಯರಿಗೆ ಇಷ್ಟೆಲ್ಲ ಬೇಡ ಅನಿಸಿದರೆ ಅವರ ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಎಂಬ ಆಡ್-ಆನ್ ಹಾಕಿಕೊಡಿ. ಅದು ಸಿದ್ಧ ಪಟ್ಟಿಗಳನ್ನು ನೋಡಿಕೊಂಡು ಜಾಹೀರಾತು, ಓಡಾಟ ಗಮನಿಸುವ ಟ್ರ್ಯಾಕರ್‌ಗಳನ್ನು ತಾನೇ ತಡೆಯುತ್ತದೆ. ನೀವು ನೋಸ್ಕ್ರಿಪ್ಟ್ ಬಳಸುವವರಾದರೆ, ಫೋನ್ ಬದಲಿಸುವ ಮೊದಲು ಅದರ ಆಪ್ಷನ್ಸ್‌ನಲ್ಲಿ 'ಎಕ್ಸ್‌ಪೋರ್ಟ್' ಒತ್ತಿ. ನೀವು ಕೊಟ್ಟ ಅನುಮತಿಗಳೆಲ್ಲ ಒಂದು ಫೈಲ್‌ನಲ್ಲಿ ಉಳಿಯುತ್ತವೆ, ಹೊಸ ಫೋನಿನಲ್ಲಿ 'ಇಂಪೋರ್ಟ್' ಮಾಡಿದರೆ ಆಯಿತು.