ನಾಟಿಗೆ ಮುಂಚೆ ಲಂಡನ್

ತಂಗಿ ಲಂಡನ್ನಿನ ಹ್ಯಾರೋದಲ್ಲಿದ್ದಾಳೆ. ‘ಬೇಸಿಗೆಯಲ್ಲಿ ಬಾ ಅಕ್ಕಾ’ ಅಂತ ಪ್ರತಿ ವರ್ಷ ಕರೆಯುತ್ತಾಳೆ. ಅವಳ ಬೇಸಿಗೆ ಅಂದರೆ ಜೂನ್, ಜುಲೈ. ಆಗ ಕೊಡಗಿನ ನಮ್ಮ ವಿರಾಜಪೇಟೆ ಕಡೆ ಮಳೆಗೆ ಬಟ್ಟೆ ಒಣಗುವುದಿಲ್ಲ. ಕಾಫಿ ತೋಟದವರಿಗೆ ಬಿಡುವು ಎಲ್ಲಿ? ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವುದು) ಮುಗಿದು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಾದ ಮೇಲೆ, ನಾಟಿ ಶುರುವಾಗುವ ಮುಂಚೆ ಒಂದು ಸಣ್ಣ ಸಂದು ಸಿಗುತ್ತದೆ. ಅದರಲ್ಲೇ ನಾನೂ ನಮ್ಮ ಯಜಮಾನರೂ ಹೋಗಿಬಂದೆವು.

ವೀಸಾ ಅರ್ಜಿಯಲ್ಲಿ ತಲೆನೋವು ಆದಾಯ ತೋರಿಸುವುದು. ಸಂಬಳದವರು ಸ್ಲಿಪ್ ಇಟ್ಟರೆ ಮುಗಿಯಿತು. ನಮಗೆ ದುಡ್ಡು ಬರುವುದು ಕಾಫಿ ಮಾರಿದಾಗ. ಅದಕ್ಕೆ ಕಾಫಿ, ಮೆಣಸು ಮಾರಿದ ಬಿಲ್ಲುಗಳನ್ನೂ ಅದೇ ಹಣ ಖಾತೆಗೆ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಜೋಡಿಸಿ ಇಟ್ಟೆ. ನಮ್ಮದು ಜಮ್ಮಾ ಜಾಗ, ಅಂದರೆ ಇಡೀ ಮನೆತನಕ್ಕೆ ಸೇರಿದ ವಂಶಪಾರಂಪರ್ಯದ ಜಮೀನು. ಪಹಣಿಯಲ್ಲಿ ಮನೆತನದ ಹಿರಿಯರಾದ ಪಟ್ಟೆದಾರರ ಹೆಸರೂ ಇದೆ. ನಮ್ಮ ಪಾಲು ಯಾವುದು ಅಂತ ಒಂದು ಪುಟದ ಪತ್ರ ಬರೆದೆ. ಕನ್ನಡದ ಕಾಗದಗಳಿಗೆಲ್ಲ ಇಂಗ್ಲಿಷ್ ಅನುವಾದ ಬೇಕು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿಬಂದದ್ದಾಯಿತು.

ಮಾಂಸ, ಹಾಲಿನ ಪದಾರ್ಥ ಅಲ್ಲಿಗೆ ಒಯ್ಯುವಂತಿಲ್ಲ. ಪಂದಿ ಕರಿ (ನಮ್ಮ ಹಂದಿ ಸಾರು) ಕಟ್ಟಿಕೊಂಡು ಹೋಗುವ ಆಸೆ ಬಿಡಿ, ತುಪ್ಪವೂ ಬೇಡ. ನಾನು ಆ ಸಾರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿ, ಅದರ ಬಾಟಲಿಯ ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಹಳೇ ಸ್ವೆಟರಿನಲ್ಲಿ ಸುತ್ತಿ ಚೆಕ್-ಇನ್ ಪೆಟ್ಟಿಗೆಯಲ್ಲಿಟ್ಟೆ. ಜೊತೆಗೆ ಕಪ್ಪಗೆ ಹುರಿದ ಮಸಾಲೆ ಪುಡಿ, ಕಡಂಬುಟ್ಟಿಗೆ, ಅಂದರೆ ಹಬೆಯಲ್ಲಿ ಬೇಯಿಸುವ ಉಂಡೆಗೆ, ಅಕ್ಕಿ ತರಿ. ಹಂದಿ ಮಾಂಸ ಅಲ್ಲೇ ಸಿಗುತ್ತದೆ. ಚರ್ಮ, ಕೊಬ್ಬು ಸಮೇತ ಇರುವ ಹೊಟ್ಟೆಯ ಭಾಗ ಕೇಳಿ ತಗೊಳ್ಳಿ. ಕೊನೆಗೆ ಕಾಚಂಪುಳಿ ಬಿದ್ದು ಸಾರು ಕಪ್ಪಾದಾಗ ತಂಗಿಯ ಮಕ್ಕಳು ಒಲೆ ಬಿಟ್ಟು ಕದಲಲಿಲ್ಲ.

ಅಲ್ಲಿನ ಮನೆಗಳು ಚಳಿಗೆ ಕಟ್ಟಿದವು, ಶಾಖ ಹೊರಗೆ ಬಿಡುವುದಿಲ್ಲ. ಫ್ಯಾನೂ ಇಲ್ಲ. ಜೂನಿನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತು ದಾಟಿದ ಮೇಲೆ. ‘ಇಲ್ಲಿ ದೀಪ ಹಚ್ಚೋದು ಯಾವಾಗ?’ ಅಂತ ನಮ್ಮ ಯಜಮಾನರು ದಿನಾ ಕೇಳುತ್ತಿದ್ದರು.

ತಂಗಿ, ಅವಳ ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ಅವರನ್ನು ಕಾಯದೆ ನಾವೇ ಹೊರಡುತ್ತಿದ್ದೆವು, ಬೆಳಿಗ್ಗೆ 9:30 ಆದ ಮೇಲೆ. ಅಷ್ಟರಲ್ಲಿ ರೈಲಿನ ನೂಕುನುಗ್ಗಲು ಇಳಿದಿರುತ್ತದೆ, ದರವೂ ಕಡಿಮೆ. ಟಿಕೆಟ್ ಬೇಡ, ಬ್ಯಾಂಕ್ ಕಾರ್ಡ್ ಮುಟ್ಟಿಸಿದರೆ ಸಾಕು. ಆದರೆ ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು. ಹತ್ತುವಾಗ ಯಾವುದೋ ಇಳಿಯುವಾಗಲೂ ಅದೇ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಮುಟ್ಟಿಸಬೇಕು. ಒಂದು ದಿನಕ್ಕೆ ಒಂದೇ ಜಾಗ ಅಂತ ಇಟ್ಟುಕೊಂಡೆವು. ಬ್ರಿಟಿಷ್ ಮ್ಯೂಸಿಯಂ ಪುಕ್ಕಟೆ, ಹಾಗಾಗಿ ಕಾಲು ನೋವು ಬಂದ ಕೂಡಲೇ ಎದ್ದು ಬರಬಹುದು. ದುಡ್ಡು ಕೊಟ್ಟಿದ್ದರೆ ಬರುತ್ತಿದ್ದೆವಾ?

ನಾನು ಊರಲ್ಲೇ ಗಟ್ಟಿ ಮಾಡಿಕೊಂಡಿದ್ದ ಜಾಗ ಬ್ರಾಂಪ್ಟನ್ ಸ್ಮಶಾನ. ನಮ್ಮ ಕೊಡಗಿನ ರಾಜಕುಮಾರಿ ಗೌರಮ್ಮನ ಸಮಾಧಿ ಇರುವುದು ಅಲ್ಲಿ. 1834ರಲ್ಲಿ ಬ್ರಿಟಿಷರು ನಮ್ಮ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಗೊಂಡರು. ಅವನು ತನ್ನ ಹಣ ವಾಪಸ್ ಕೇಳಲು 1852ರಲ್ಲಿ ಮಗಳು ಗೌರಮ್ಮನ ಜೊತೆ ಲಂಡನ್ನಿಗೆ ಬಂದ. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷಾಸ್ನಾನ ಆಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ (ಗಾಡ್‌ಮದರ್). 1864ರಲ್ಲಿ ಸತ್ತಾಗ ಅವಳಿಗಿನ್ನೂ ಇಪ್ಪತ್ತರ ಆಸುಪಾಸು. ಅಜ್ಜ ಲಿಂಗರಾಜ ಮಡಿಕೇರಿಯಲ್ಲಿ ರಾಜರ ಸಮಾಧಿಗಳಿರುವ ಗದ್ದುಗೆಯಲ್ಲಿ, ಮೊಮ್ಮಗಳು ಇಲ್ಲಿ. ಗದ್ದುಗೆ ನೋಡಿ ಬೆಳೆದವರಿಗೆ ಇದು ಲಂಡನ್ ಐ ಅನ್ನುವ ದೈತ್ಯ ಚಕ್ರಕ್ಕಿಂತ ದೊಡ್ಡದು, ನನ್ನ ಮಟ್ಟಿಗಂತೂ. ವೆಸ್ಟ್ ಬ್ರಾಂಪ್ಟನ್ ಸ್ಟೇಷನ್ನಿನ ಪಕ್ಕದಲ್ಲೇ ಇದೆ, ಟಿಕೆಟ್ ಇಲ್ಲ. ಗೋರಿಗಳು ಸಾವಿರಾರು, ಸುಮ್ನೆ ಸುತ್ತಿದರೆ ಸಿಗುವುದಿಲ್ಲ. ಎಲ್ಲಿದೆ ಅಂತ ಮೊದಲೇ ಕೇಳಿಟ್ಟುಕೊಂಡು ಹೋಗಿ.

ರಾಜ ಲಂಡನ್ನಿನಲ್ಲೇ 1859ರಲ್ಲಿ ತೀರಿಕೊಂಡ. ಅವನ ಸಮಾಧಿ ಕೆನ್ಸಲ್ ಗ್ರೀನ್‌ನಲ್ಲಿ. ಹ್ಯಾರೋ ಅಂಡ್ ವೀಲ್ಡ್‌ಸ್ಟೋನ್‌ನಿಂದ ಬೇಕರ್ಲೂ ಲೈನಿನ ರೈಲು ಅಲ್ಲಿಗೆ ನೇರ ಹೋಗುತ್ತದೆ. ಅವತ್ತು ತಂಗಿಯೂ ರಜೆ ಹಾಕಿ ಬಂದಳು. ಇಷ್ಟು ವರ್ಷ ಅದೇ ಲೈನಿನಲ್ಲಿ ಕೆಲಸಕ್ಕೆ ಓಡಾಡಿದರೂ ಅವಳು ಅಲ್ಲಿ ಇಳಿದೇ ಇರಲಿಲ್ಲವಂತೆ.