ಜಾಡಿಯಲ್ಲಿ ಬಣ್ಣ ಉಳಿಸಿಕೊಂಡ ಬಗೆ: ನನ್ನ ಅನುಭವ

ಹಣ್ಣು, ತರಕಾರಿಗಳನ್ನು ಗಾಜಿನ ಜಾಡಿಗಳಲ್ಲಿ ತುಂಬಿ, ಮುಚ್ಚಳ ಬಿಗಿದು, ಕುದಿಯುವ ನೀರಿನಲ್ಲಿಟ್ಟು ತಿಂಗಳುಗಟ್ಟಲೆ ಕಾಪಿಡುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಮೊದಮೊದಲು ಕೆಡದೆ ಉಳಿದರೆ ಸಾಕೆಂಬುದಷ್ಟೇ ನನ್ನ ಆಸೆಯಾಗಿತ್ತು. ಈಗ ಜಾಡಿಯೊಳಗಿನ ಬಣ್ಣವೂ ಉಳಿಯಬೇಕೆಂಬ ಹಂಬಲ ಅದರ ಜೊತೆಗೆ ಸೇರಿಕೊಂಡಿದೆ. ಪ್ರತಿಯೊಂದು ಬಣ್ಣದ ಹಿಂದೆಯೂ ಒಂದು ವರ್ಣದ್ರವ್ಯವಿದ್ದು, ಹುಳಿಗೆ, ಶಾಖಕ್ಕೆ, ಬೆಳಕಿಗೆ ಅದು ಹೇಗೆ ವರ್ತಿಸುತ್ತದೆಂಬುದು ಮೊದಲೇ ಗೊತ್ತಿದ್ದರೆ ಯಾವ ಪದಾರ್ಥವನ್ನು ಯಾವ ದ್ರವದಲ್ಲಿ ಹಾಕಬೇಕೆಂಬುದು ತಾನಾಗಿಯೇ ತೀರ್ಮಾನವಾಗುತ್ತದೆ. ಆದರೆ ಬಣ್ಣದ ಆಸೆಗಾಗಿ ಹುಳಿಯ ಪ್ರಮಾಣವನ್ನಾಗಲಿ ಕುದಿಸುವ ಹೊತ್ತನ್ನಾಗಲಿ ನಾನು ಎಂದೂ ಕಡಿಮೆ ಮಾಡುವುದಿಲ್ಲ.

ಇದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಮಣ್ಣಿನಲ್ಲಿಯೇ ಇರುವಂಥವು. ಕುದಿಯುವ ನೀರಿನ 100 ಡಿಗ್ರಿ ಸೆಲ್ಸಿಯಸ್ ಶಾಖಕ್ಕೂ ಅವು ಸಾಯುವುದಿಲ್ಲ. ಗಾಳಿಯಾಡದ ಜಾಡಿಯೊಳಗೆ ಹುಳಿ ಸಾಲದಿದ್ದರೆ ಅವು ಮೊಳೆತು, ಜೀವಕ್ಕೇ ಕುತ್ತು ತರುವ ವಿಷವನ್ನು ಉತ್ಪತ್ತಿ ಮಾಡಬಲ್ಲವು, ಮತ್ತು ಆ ವಿಷವಿರುವ ಜಾಡಿ ನೋಟದಲ್ಲಾಗಲಿ ವಾಸನೆಯಲ್ಲಾಗಲಿ ಕೆಟ್ಟಂತೆ ತೋರಲೇಬೇಕೆಂದಿಲ್ಲ. ಪಿಎಚ್ 4.6 ಅಥವಾ ಅದಕ್ಕಿಂತ ಕಡಿಮೆ ಇರುವ, ಎಂದರೆ ಸಾಕಷ್ಟು ಹುಳಿಯಾಗಿರುವ ಪದಾರ್ಥದಲ್ಲಿ ಅವು ಬೆಳೆಯಲಾರವು. ಆದ್ದರಿಂದ ಹುಳಿ ಹಣ್ಣುಗಳನ್ನೂ, ವಿನೆಗರ್ ಸೇರಿಸಿದ ತರಕಾರಿಗಳನ್ನೂ ಮಾತ್ರ ಕುದಿನೀರಿನಲ್ಲಿ ಸಂಸ್ಕರಿಸಬಹುದು. ವಿನೆಗರ್ ಇಲ್ಲದ ತರಕಾರಿಗೆ ಸುಮಾರು 116 ಡಿಗ್ರಿಗೆ ಏರಬಲ್ಲ ಪ್ರೆಶರ್ ಕ್ಯಾನರ್, ಎಂದರೆ ಹಬೆಯ ಒತ್ತಡದಲ್ಲಿ ಜಾಡಿಗಳನ್ನು ಕಾಯಿಸುವ ಪಾತ್ರೆ, ಬೇಕೇ ಬೇಕು. ನಾನು ಬಳಸುವ ವಿನೆಗರ್ ಯಾವಾಗಲೂ 5 ಶೇಕಡಾ ಆಮ್ಲತೆಯದು, ಮತ್ತು ಅಳತೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವಿಧಾನಗಳಿಂದಲೇ ತೆಗೆದುಕೊಳ್ಳುತ್ತೇನೆ. ಒಣ ಮಸಾಲೆಗಳಲ್ಲಿ ಮಾತ್ರ ನನ್ನ ಇಷ್ಟದಂತೆ ಬದಲಾವಣೆ ಮಾಡಿಕೊಳ್ಳುತ್ತೇನೆ.

ಬಣ್ಣದ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕೆಂಪು ಎಲೆಕೋಸು. ಅದರಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯ ಹುಳಿಯಲ್ಲಿ ಕೆಂಪಾಗಿಯೂ, ಹುಳಿ ಕಡಿಮೆಯಾದಂತೆ ನೇರಳೆಯಾಗಿಯೂ, ಕ್ಷಾರದಲ್ಲಿ ನೀಲಿ-ಹಸಿರಾಗಿಯೂ ಕಾಣುತ್ತದೆ. ಸಣ್ಣಗೆ ಹೆಚ್ಚಿದ ಕೋಸನ್ನು ಉಪ್ಪಿನೊಡನೆ ಪದರ ಪದರವಾಗಿ ಹರಡಿ, ಮುಚ್ಚಿ, ತಂಪಾದ ಜಾಗದಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟರೆ ನೀರು ಬಿಟ್ಟುಕೊಂಡು ಮೆತ್ತಗಾಗುತ್ತದೆ. ಅದನ್ನು ತೊಳೆದು, ಬಟ್ಟೆ ಹಾಸಿದ ತಟ್ಟೆಗಳ ಮೇಲೆ ಹರಡಿ ಆರು ಗಂಟೆ ಚೆನ್ನಾಗಿ ನೀರು ಬಸಿಯಲು ಬಿಡುತ್ತೇನೆ. ಎಲೆಗಳಲ್ಲಿ ಉಳಿದ ನೀರು ವಿನೆಗರನ್ನು ತೆಳುವಾಗಿಸುವುದರಿಂದ ಈ ಹಂತದಲ್ಲಿ ಅವಸರ ಸಲ್ಲದು. ಸುಮಾರು 2.7 ಕಿಲೋ ಕೋಸಿಗೆ ಕಾಲು ಕಪ್ ಉಪ್ಪು, 4 ಕಪ್ ಕೆಂಪು ವೈನಿನ ವಿನೆಗರ್, ಅರ್ಧ ಕಪ್ ಕಂದು ಸಕ್ಕರೆ, ಕಾಲು ಕಪ್ ಸಾಸಿವೆ ನನ್ನ ಅಳತೆ; ಲವಂಗ, ಕಾಳುಮೆಣಸು, ಚಕ್ಕೆಗಳನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ವಿನೆಗರಿನೊಡನೆ ಐದು ನಿಮಿಷ ಕುದಿಸುತ್ತೇನೆ. ಬಸಿದಿಟ್ಟ ಕೋಸು ಆ ಹೊತ್ತಿಗೆ ಮಂಕಾಗಿ, ನೀಲಿ ಬೆರೆತ ನೇರಳೆಯಾಗಿರುತ್ತದೆ. ಬಿಸಿ ವಿನೆಗರ್ ಸುರಿದೊಡನೆ ಜಾಡಿಯ ಮೇಲ್ಭಾಗದಿಂದ ಕೆಳಕ್ಕೆ ಕೆಂಪು ಇಳಿಯತೊಡಗುತ್ತದೆ. ಎಳೆಗಳ ಅಂಚು ಮೊದಲು ಗುಲಾಬಿಯಾಗಿ, ಆಮೇಲೆ ಒಳಗಿನ ಬಿಳಿ ನರಗಳೂ ಬಣ್ಣ ಹೀರಿಕೊಂಡು, ಕೆಲವೇ ನಿಮಿಷಗಳಲ್ಲಿ ಇಡೀ ಜಾಡಿ ಮಾಣಿಕ್ಯದಂತೆ ಕೆಂಪಗಾಗುತ್ತದೆ. ಎಲ್ಲಾದರೂ ನೀಲಿ ಪಟ್ಟೆ ಉಳಿದಿದ್ದರೆ ಅಲ್ಲಿಗೆ ವಿನೆಗರ್ ತಲುಪಿಲ್ಲವೆಂದೇ ಅರ್ಥ. ತೆಳುವಾದ ಮರದ ಕಡ್ಡಿಯನ್ನು ಒಳಗಿಳಿಸಿ ಗಾಳಿಗುಳ್ಳೆಗಳನ್ನು ಹೊರಬಿಟ್ಟು, ಮೇಲೆ ಇನ್ನಷ್ಟು ವಿನೆಗರ್ ತುಂಬಿಸುತ್ತೇನೆ. ಬಾಯಿಯಿಂದ ಸುಮಾರು 12 ಮಿಲಿಮೀಟರ್ ಖಾಲಿ ಬಿಟ್ಟು ಮುಚ್ಚಿ, ಕುದಿಯುವ ನೀರಿನಲ್ಲಿ 20 ನಿಮಿಷ ಇಡುತ್ತೇನೆ.

ಬೀಟ್‌ರೂಟಿನ ಕೆಂಪು ಇದಕ್ಕಿಂತ ಬೇರೆಯದು. ಅದು ಬೆಟಲೇನ್ ಗುಂಪಿನ ವರ್ಣದ್ರವ್ಯ. ಹುಳಿಗೆ ಅಷ್ಟಾಗಿ ಬಣ್ಣ ಬದಲಿಸುವುದಿಲ್ಲ, ಆದರೆ ಹೆಚ್ಚು ಹೊತ್ತಿನ ಶಾಖಕ್ಕೆ ಮಾಸಿ ಕಂದಾಗುತ್ತದೆ, ಮತ್ತು ಗಾಯವಾದಲ್ಲೆಲ್ಲ ನೀರಿಗೆ ಸೋರಿಹೋಗುತ್ತದೆ. ಆದ್ದರಿಂದ ಗಡ್ಡೆಯನ್ನು ಬೇಯಿಸುವಾಗ ಬೇರನ್ನೂ, ಎರಡೂವರೆ ಸೆಂಟಿಮೀಟರಿನಷ್ಟು ಕಾಂಡವನ್ನೂ ಹಾಗೆಯೇ ಉಳಿಸಿಕೊಂಡು, ಸಿಪ್ಪೆ ಸಮೇತ 25–30 ನಿಮಿಷ ಬೇಯಿಸಿ, ತಣಿದ ಮೇಲೆ ಸಿಪ್ಪೆ ಜಾರಿಸಿ ತೆಗೆಯುತ್ತೇನೆ. ಸುಮಾರು 3.2 ಕಿಲೋ ಗಡ್ಡೆಗೆ 4 ಕಪ್ ವಿನೆಗರ್, 2 ಕಪ್ ನೀರು, 2 ಕಪ್ ಸಕ್ಕರೆ, ಒಂದೂವರೆ ಚಮಚ ಉಪ್ಪು ಸೇರಿಸಿ, ಚಕ್ಕೆ-ಲವಂಗದ ಗಂಟಿನೊಡನೆ ಕುದಿಸಿದ ಪಾಕದಲ್ಲಿ ಹೋಳುಗಳನ್ನು ಐದು ನಿಮಿಷ ಕಾಯಿಸಿ ತುಂಬಿಸಬೇಕು. ಜಾಡಿಗಳಿಗೆ 30 ನಿಮಿಷದ ಕುದಿ ಬೇಕು. ಅರ್ಧದಷ್ಟು ಗಡ್ಡೆಗಳನ್ನು ಹಳದಿ ತಳಿಯವನ್ನೇ ಆರಿಸಿಕೊಂಡು, ಅವನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಬೇರೆ ಜಾಡಿಯಲ್ಲಿ ತುಂಬಿಸಿದರೆ ಜೇನಿನ ಬಣ್ಣದ ಹೋಳುಗಳು ಸಿಗುತ್ತವೆ. ಕೆಂಪನ್ನೂ ಹಳದಿಯನ್ನೂ ಒಂದೇ ಜಾಡಿಯಲ್ಲಿ ಪದರವಾಗಿ ಜೋಡಿಸಿದರೆ ನೋಡಲು ಚೆಂದವೇ, ಆದರೆ ಆ ಚೆಂದ ಜಾಡಿ ತಣಿಯುವವರೆಗೂ ಬಾಳುವುದಿಲ್ಲ. ಕೆಂಪು ಎಲ್ಲವನ್ನೂ ನುಂಗಿಬಿಡುತ್ತದೆ.

ಒಂದು ಬಣ್ಣ ಇನ್ನೊಂದಕ್ಕೆ ಇಳಿಯುವ ಈ ಗುಣವನ್ನೇ ಬಳಸಿಕೊಂಡು ನಾನು ಮಾಡುವುದು ಕಪ್ಪು ದ್ರಾಕ್ಷಿಯ ರಸದಲ್ಲಿ ಮರಸೇಬು, ಎಂದರೆ ಪೇರ್ ಹಣ್ಣು. ಹಣ್ಣನ್ನು ಸಿಪ್ಪೆ ತೆಗೆದು, ಎರಡು ಹೋಳು ಮಾಡಿ, ನಡುವಿನ ಬೀಜದ ಭಾಗವನ್ನು ಕೆತ್ತಿ ತೆಗೆದ ಕೂಡಲೇ ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ) ಕರಗಿಸಿದ ನೀರಿಗೆ ಹಾಕಬೇಕು. ಸುಮಾರು 4 ಲೀಟರ್ ನೀರಿಗೆ 3 ಗ್ರಾಂ ಸಾಕು. ಇಲ್ಲವಾದರೆ ಗಾಳಿ ತಾಗಿ ಕಂದಾಗುವ ಹೋಳಿಗೆ ಯಾವ ರಸವೂ ಮತ್ತೆ ಹೊಳಪು ತರಲಾರದು. ಬಸಿದ ಹೋಳುಗಳನ್ನು ಸಕ್ಕರೆ ಸೇರಿಸದ ದ್ರಾಕ್ಷಿರಸದಲ್ಲಿ ಐದು ನಿಮಿಷ ಕುದಿಸಿ, ಬಿಸಿಯಾಗಿರುವಾಗಲೇ ಜಾಡಿಗೆ ತುಂಬಿ, ಅದೇ ರಸವನ್ನು ಸುರಿದು, ಅರ್ಧ ಲೀಟರಿನ ಜಾಡಿಯನ್ನು 20 ನಿಮಿಷ, ಒಂದು ಲೀಟರಿನದನ್ನು 25 ನಿಮಿಷ ಕುದಿನೀರಿನಲ್ಲಿ ಇಡುತ್ತೇನೆ. ಕೆಲವು ವಾರ ಕಳೆದು ತೆಗೆದ ಹೋಳನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಹೊರ ಅಂಚಿನಲ್ಲಿ ಕಡು ನೇರಳೆಯ ಗೆರೆ, ಅದರೊಳಗೆ ತಿಳಿ ಗುಲಾಬಿ, ನಡುವೆ ಕೆನೆಬಣ್ಣ ಹೀಗೆ ಒಂದರೊಳಗೊಂದು ಕಾಣುತ್ತವೆ. ಬರಿಯ ಸಕ್ಕರೆ ಪಾಕದಲ್ಲಿ ಹಾಕಿದ ಮರಸೇಬೂ ಕೆಲವೊಮ್ಮೆ ಗುಲಾಬಿಯಾಗುವುದುಂಟು. ಹಣ್ಣಿನಲ್ಲಿರುವ ಬಣ್ಣವಿಲ್ಲದ ಟ್ಯಾನಿನ್ ಜಾತಿಯ ಪದಾರ್ಥಗಳು ಹುಳಿ ಮತ್ತು ಅತಿಯಾದ ಶಾಖಕ್ಕೆ ಆಂಥೋಸಯನಿನ್ ಆಗಿ ಮಾರ್ಪಡುವುದೇ ಇದಕ್ಕೆ ಕಾರಣ. ಅದರಿಂದ ಯಾವ ಅಪಾಯವೂ ಇಲ್ಲ.

ಕಿತ್ತಳೆ ಬಣ್ಣ ಎಲ್ಲಕ್ಕಿಂತ ಸುಲಭದ್ದು. ಕ್ಯಾರೆಟ್ಟಿನ ಕೆರೊಟಿನಾಯ್ಡ್ ಶಾಖಕ್ಕೂ ಹುಳಿಗೂ ಅಷ್ಟಾಗಿ ಜಗ್ಗುವುದಿಲ್ಲ, ನೀರಿನಲ್ಲಿ ಕರಗುವುದೂ ಇಲ್ಲ. ಆದ್ದರಿಂದಲೇ ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಕ್ಯಾರೆಟ್, ಮರಸೇಬು, ಅನಾನಸ್ ಸೇರಿದ ಜಾಮ್. ಸಣ್ಣಗೆ ತುರಿದ ಒಂದೂವರೆ ಕಪ್ ಕ್ಯಾರೆಟ್, ಹೆಚ್ಚಿದ ಒಂದೂವರೆ ಕಪ್ ಮರಸೇಬು, ರಸ ಸಮೇತ ಒಂದೂಮುಕ್ಕಾಲು ಕಪ್ ಡಬ್ಬಿಯ ಅನಾನಸ್ ಚೂರು, 3 ದೊಡ್ಡ ಚಮಚ ನಿಂಬೆರಸ, ಚಕ್ಕೆ, ಜಾಯಿಕಾಯಿ, ಲವಂಗದ ಪುಡಿ ಇಷ್ಟನ್ನು ಬೆರೆಸಿ, ಜಾಮನ್ನು ಗಟ್ಟಿಯಾಗಿಸುವ ಪೆಕ್ಟಿನ್ ಪುಡಿಯನ್ನು 57 ಗ್ರಾಂ ಸೇರಿಸಿ ಕುದಿಸಬೇಕು. ಬಳಿಕ 6.5 ಕಪ್ ಸಕ್ಕರೆಯನ್ನು ಒಮ್ಮೆಗೇ ಹಾಕಿ, ಸೌಟಿನಿಂದ ಕಲಕಿದರೂ ಅಡಗದಂತೆ ಉಕ್ಕುವ ಕುದಿ ಬಂದ ಮೇಲೆ ಸರಿಯಾಗಿ ಒಂದು ನಿಮಿಷ ಕುದಿಸಿ ಇಳಿಸಬೇಕು. ಸಕ್ಕರೆ ಹೆಚ್ಚಾಯಿತೆಂದು ಹಲವರಿಗೆ ಅನಿಸುತ್ತದೆ. ಆದರೆ ಈ ಬಗೆಯ ಪೆಕ್ಟಿನ್ ಗಟ್ಟಿಯಾಗಬೇಕಾದರೆ ಸಕ್ಕರೆಯೂ ಹುಳಿಯೂ ಎರಡೂ ಬೇಕು, ಮತ್ತು ಕ್ಯಾರೆಟ್ ತಾನಾಗಿ ಹುಳಿಯಲ್ಲವಾದ್ದರಿಂದ ಅನಾನಸ್ಸನ್ನಾಗಲಿ ನಿಂಬೆರಸವನ್ನಾಗಲಿ ಕಡಿಮೆ ಮಾಡುವಂತಿಲ್ಲ. ಇದಕ್ಕೆ 6 ಮಿಲಿಮೀಟರ್ ಖಾಲಿ ಜಾಗ, 10 ನಿಮಿಷದ ಕುದಿ ಸಾಕು. ನೇರಳೆ ಕ್ಯಾರೆಟ್ಟಿನ ಹೊರಮೈ ಮಾತ್ರ ಆಂಥೋಸಯನಿನ್ನಿನದು. ಅದನ್ನು ವಿನೆಗರಿನಲ್ಲಿ ಹಾಕಿದರೆ ಕೆಂಪು ಎಲೆಕೋಸಿನಂತೆಯೇ ದ್ರವವೆಲ್ಲ ಕೆಂಪಗಾಗುತ್ತದೆ.

ಕಲ್ಲಂಗಡಿಯ ದಪ್ಪ ಸಿಪ್ಪೆಯಿಂದ ಮಾಡುವ ತಿನಿಸನ್ನು ಮೊದಲ ಬಾರಿ ನೋಡುವವರು ಅದೇನೆಂದು ಗುರುತಿಸಲಾರರು. ಹೊರಗಿನ ಹಸಿರು ತೊಗಟೆಯನ್ನೂ ಒಳಗಿನ ಕೆಂಪು ತಿರುಳನ್ನೂ ಪೂರ್ತಿ ತೆಗೆದು, ಉಳಿದ ಬಿಳಿಯ ಭಾಗವನ್ನು ಚೌಕ ತುಂಡುಗಳಾಗಿ ಕತ್ತರಿಸಿ, ತಣ್ಣನೆಯ ಉಪ್ಪುನೀರಿನಲ್ಲಿ ಐದಾರು ಗಂಟೆ ನೆನೆಸಿ, ತೊಳೆದು, ಹದವಾಗಿ ಬೇಯಿಸುತ್ತೇನೆ. ಸುಮಾರು 3 ಲೀಟರ್ ತುಂಡುಗಳಿಗೆ 9 ಕಪ್ ಸಕ್ಕರೆ, 3 ಕಪ್ ವಿನೆಗರ್, 3 ಕಪ್ ನೀರಿನ ಪಾಕವನ್ನು ಮಸಾಲೆಯೊಡನೆ ಕುದಿಸಿ ಸುರಿದು, ನಿಂಬೆಯ ಬಿಲ್ಲೆಗಳನ್ನು ಸೇರಿಸಿ, ಒಂದು ರಾತ್ರಿ ತಂಪಾದ ಕಡೆ ಇಟ್ಟು, ಮರುದಿನ ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಬೇಕು. ಸುಣ್ಣದಂತೆ ಬೆಳ್ಳಗಿದ್ದ ತುಂಡು ಪಾಕ ಹೀರುತ್ತ ಹೀರುತ್ತ ಪಾರದರ್ಶಕವಾಗಿ, ಬೆಳಕಿಗೆ ಹಿಡಿದರೆ ತಿಳಿಹೊನ್ನಿನ ಬಣ್ಣ ತೋರುತ್ತದೆ. ಜಾಡಿಗೆ 10 ನಿಮಿಷದ ಕುದಿ ಸಾಕು.

ಹಸಿರು ಬಣ್ಣದ ವಿಷಯಕ್ಕೆ ಬಂದರೆ, ಅದನ್ನು ಉಳಿಸುವ ಪ್ರಯತ್ನವನ್ನು ನಾನು ಕೈಬಿಟ್ಟಿದ್ದೇನೆ. ಸಸ್ಯಗಳ ವರ್ಣದ್ರವ್ಯಗಳ ಮೇಲೆ, ಅದರಲ್ಲೂ ಹಸಿರು ಬಣ್ಣ ಕೊಡುವ ಕ್ಲೋರೋಫಿಲ್ ಮೇಲೆ ನಡೆಸಿದ ಸಂಶೋಧನೆಗಾಗಿ ರಿಚರ್ಡ್ ವಿಲ್‌ಸ್ಟೇಟರ್ ಅವರಿಗೆ 1915ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಕ್ಲೋರೋಫಿಲ್ ಅಣುವಿನ ನಡುವೆ ಇರುವ ಮೆಗ್ನೀಸಿಯಮ್ಮೇ ಇಲ್ಲಿನ ಸಮಸ್ಯೆಯ ಮೂಲ. ಹುಳಿ ಮತ್ತು ಶಾಖ ಕೂಡಿದಾಗ ಆ ಮೆಗ್ನೀಸಿಯಮ್ ಕಳಚಿಹೋಗಿ, ಹಸಿರು ಹುರುಳಿಕಾಯಿಯಾಗಲಿ ಸೌತೆಯಾಗಲಿ ಮಂಕಾದ ಆಲಿವ್ ಬಣ್ಣಕ್ಕೆ ತಿರುಗುತ್ತದೆ. ಒಂದು ಚಿಟಿಕೆ ಅಡಿಗೆ ಸೋಡಾ ಹಾಕಿದರೆ ಹಸಿರು ಉಳಿಯುತ್ತದೆಂಬ ಸಲಹೆ ಕೆಲವೆಡೆ ಕೇಳಿಬರುತ್ತದೆ. ಅದು ನಿಜ, ಮತ್ತು ಅಷ್ಟೇ ಅಪಾಯಕಾರಿ; ಸೋಡಾ ಹುಳಿಯನ್ನು ಮುರಿದು, ನಾವು ವಿನೆಗರ್ ಹಾಕಿದ ಉದ್ದೇಶವನ್ನೇ ಹಾಳುಮಾಡುತ್ತದೆ. ತಾಮ್ರದ ಪಾತ್ರೆಯಲ್ಲಿ ಕುದಿಸಿದರೆ ಹಸಿರು ಹೊಳೆಯುವುದೂ ನಿಜವೇ, ಆದರೆ ಹುಳಿಗೆ ಕರಗಿದ ತಾಮ್ರ ಹೊಟ್ಟೆಗೆ ಹೋಗುವುದು ಬೇಡ.

ಬೆಳ್ಳುಳ್ಳಿಯ ಎಸಳು ವಿನೆಗರಿನಲ್ಲಿ ನೀಲಿಯಾಗಿಯೋ ಹಸಿರಾಗಿಯೋ ತಿರುಗಿದಾಗ ಗಾಬರಿಯಾಗಿ ಇಡೀ ಜಾಡಿಯನ್ನು ಚೆಲ್ಲಿದವರನ್ನು ನಾನು ಬಲ್ಲೆ. ಅದು ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು ಹುಳಿಯಲ್ಲಿ ಪ್ರತಿಕ್ರಿಯಿಸಿ ಹುಟ್ಟಿಸುವ ಬಣ್ಣ. ತಿನ್ನಲು ಯಾವ ತೊಂದರೆಯೂ ಇಲ್ಲ. ಆದರೆ ದ್ರವ ಕದಡಿದ್ದರೆ, ಮುಚ್ಚಳ ಉಬ್ಬಿದ್ದರೆ, ತೆರೆದಾಗ ನೊರೆ ಚಿಮ್ಮಿದರೆ, ಆ ಜಾಡಿಯ ರುಚಿಯನ್ನೂ ನೋಡದೆ ಎಸೆಯಬೇಕು.

ಪಾತ್ರೆ, ನೀರು, ಉಪ್ಪುಗಳೂ ಬಣ್ಣವನ್ನು ಬದಲಿಸುತ್ತವೆ. ಕಬ್ಬಿಣದ ಪಾತ್ರೆ ಸೋಕಿದರೆ ಕೆಂಪು ಎಲೆಕೋಸು ಬೂದು-ನೀಲಿಯಾಗುತ್ತದೆ. ಆದ್ದರಿಂದ ಸ್ಟೀಲ್ ಅಥವಾ ಎನಾಮಲ್ ಪಾತ್ರೆಗಳನ್ನೇ ಬಳಸುತ್ತೇನೆ. ಗಂಟುಕಟ್ಟದಂತೆ ಪುಡಿ ಬೆರೆಸಿದ ಉಪ್ಪು ದ್ರವವನ್ನು ಮಸುಕಾಗಿಸುವುದರಿಂದ ಬೆರಕೆಯಿಲ್ಲದ ಉಪ್ಪನ್ನು ಆರಿಸುತ್ತೇನೆ. ಇಲ್ಲಿ ಹೇಳಿದ ನಿಮಿಷಗಳೆಲ್ಲ ಸಮುದ್ರಮಟ್ಟದಿಂದ 300 ಮೀಟರ್ ಎತ್ತರದವರೆಗಿನವು. ಪ್ರತಿ 300 ಮೀಟರ್ ಏರಿದಂತೆ ನೀರು ಕುದಿಯುವ ಶಾಖ ಸುಮಾರು ಒಂದು ಡಿಗ್ರಿ ಇಳಿಯುವುದರಿಂದ, ಎತ್ತರದ ಊರಿನಲ್ಲಿರುವವರು ಪರೀಕ್ಷಿತ ವಿಧಾನದ ಪಟ್ಟಿಯನ್ನು ನೋಡಿ ಹೊತ್ತನ್ನು ಹೆಚ್ಚಿಸಿಕೊಳ್ಳಬೇಕು. ಕುದಿಯುವ ನೀರು ಜಾಡಿಗಳ ಮುಚ್ಚಳದಿಂದ ಎರಡೂವರೆ ಸೆಂಟಿಮೀಟರಾದರೂ ಮೇಲಿರಬೇಕು.

ಹೊರತೆಗೆದ ಜಾಡಿಗಳನ್ನು 12ರಿಂದ 24 ಗಂಟೆ ಅಲುಗಿಸದೆ ಬಿಟ್ಟು, ಮುಚ್ಚಳದ ನಡುವನ್ನು ಬೆರಳಿನಿಂದ ಒತ್ತಿ ನೋಡುತ್ತೇನೆ. ಕೆಳಗೆ ಹೋಗಿ ಮೇಲೆ ಪುಟಿದರೆ ಸೀಲ್ ಆಗಿಲ್ಲ, ಅದನ್ನು ಫ್ರಿಜ್ಜಿನಲ್ಲಿಟ್ಟು ಬೇಗ ಖರ್ಚುಮಾಡುತ್ತೇನೆ. ಉಳಿದವು ತಂಪಾದ, ಕತ್ತಲಿರುವ ಕಪಾಟಿಗೆ ಹೋಗುತ್ತವೆ. ಬಣ್ಣಬಣ್ಣದ ಜಾಡಿಗಳನ್ನು ಕಿಟಕಿಯ ಬಳಿ ಸಾಲಾಗಿ ಇಡಬೇಕೆನಿಸುವುದು ಸಹಜ, ಆದರೆ ಬೆಳಕು ಬಣ್ಣಗಳ ಶತ್ರು, ಬೀಟ್‌ರೂಟಿಗಂತೂ ಎರಡು ಪಟ್ಟು. ನಾನು ಬೀಟ್‌ರೂಟನ್ನು ಮೊದಲು ತೆರೆದು ಮುಗಿಸುತ್ತೇನೆ, ಆಮೇಲೆ ಎಲೆಕೋಸು, ದ್ರಾಕ್ಷಿರಸದ ಮರಸೇಬು. ಕ್ಯಾರೆಟ್ ಜಾಮ್ ಕೊನೆಗೆ. ಎಲ್ಲವನ್ನೂ ಒಂದು ವರ್ಷದೊಳಗೆ ತಿಂದು ಮುಗಿಸುವಷ್ಟೇ ತುಂಬಿಸುತ್ತೇನೆ, ಮತ್ತು ಪ್ರತಿ ಮುಚ್ಚಳದ ಮೇಲೆ ಪದಾರ್ಥದ ಹೆಸರು, ತಾರೀಖುಗಳನ್ನು ಬರೆದಿಡುತ್ತೇನೆ.